ಕಾಕಾನನ್ನು ಹೊರಗೆ ಕಳಿಸುವ ಉಪಾಯ

ನನ್ನ ಕಾಕಾ, ಅಂದರೆ ತಂದೆಯ ತಮ್ಮ, ಬಹಳ ಒಳ್ಳೆಯ ಮನುಷ್ಯ. ಅವನಿಗಿದ್ದ ಒಂದೇ ಚಟವೆಂದರೆ ಬೇರೆಯವರಿಗೆ ಕೇಳಿದ ಪ್ರಶ್ನೆಗೆ ತಾನು ಉತ್ತರ ಕೊಡುವುದು. ಹನುಮಸಾಗರದಲ್ಲಿ ಅವನದೊಂದು ಕಿರಾಣಿ ಅಂಗಡಿ ಇತ್ತು. ಅಂಗಡಿಗೆ ಬಂದ ಹೆಂಗಸು ಕಂಕುಳಲ್ಲಿದ್ದ ಕೂಸಿಗೆ, "ನಿನಗೇನು ಬೇಕೋ ಬಂಗಾರ?" ಎಂದು ಕೇಳಿದರೆ ಕಾಕಾ ಗಲ್ಲಾದ ಮೇಲಿಂದಲೇ, "ಅದಕ್ಕ ಪೆಪ್ಪರಮಿಂಟ ಬೇಕು" ಅನ್ನುತ್ತಿದ್ದ. ಬಸ್ಸಿನ ಕಂಡಕ್ಟರು ಹಿಂದಿನ ಸೀಟಿನವನ ಹತ್ತಿರ, "ನೀವೆಲ್ಲಿಗ್ರಿ?" ಎಂದರೆ ಕಾಕಾ ಕತ್ತು ತಿರುಗಿಸಿ, "ಅವರು ಕುಷ್ಟಗಿಗೆ ಹೊಂಟಾರ" ಅನ್ನುತ್ತಿದ್ದ. ಬಹಳ ಸಲ ಅದು ಸರಿಯೇ ಇರುತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ. ಒಮ್ಮೆಯಾದರೂ ತಪ್ಪಾಗಿದ್ದರೆ ಚಟ ಬಿಡುತ್ತಿದ್ದನೇನೋ.

ಕಾಕಾನ ಮಕ್ಕಳಲ್ಲಿ ಕೊನೆಯವನು ನನಗಿಂತ ಸ್ವಲ್ಪ ಚಿಕ್ಕವನು. ನಾನು ಅವನಿಗೆ ಅಣ್ಣ, ಅವನು ನನಗೆ ತಮ್ಮ. ಕೊಪ್ಪಳದಲ್ಲಿ ಕಾಲೇಜು ಓದುತ್ತಿದ್ದಾಗ ಅವನಿಗೆ ತಲೆಯ ಕಾಯಿಲೆ ಬಂತು. ಮೊದಲು ನಿದ್ದೆ ಹೋಯಿತು. ಆಮೇಲೆ ಮಾತು ಹೆಚ್ಚಾಯಿತು. ತನ್ನ ಅಂಗಿಗಳನ್ನೆಲ್ಲ ಬಸ್‌ಸ್ಟ್ಯಾಂಡಿನ ಹಮಾಲರಿಗೆ ಹಂಚಿದ. ಒಂದು ದಿನ ಕಚೇರಿಯೊಂದಕ್ಕೆ ಹೋಗಿ ಖಾಲಿ ಕುರ್ಚಿಯಲ್ಲಿ ಕೂತು ಗುಮಾಸ್ತರಿಗೆಲ್ಲ ಒಂದು ವಾರ ರಜೆ ಮಂಜೂರು ಮಾಡಿದ. ಅರ್ಧ ಜನ ಮನೆಗೆ ಹೊರಟಿದ್ದರಂತೆ. ಆಮೇಲೆ ಬಂದದ್ದು ನಗುವ ಸಂಗತಿಯಲ್ಲ. ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ. ಯಾರೋ ಬೈಯುತ್ತಿದ್ದಾರೆಂದು ಕಿವಿ ಮುಚ್ಚಿಕೊಳ್ಳುತ್ತಿದ್ದ. ಮನೆಯವರು ತಾಯಿತ ಕಟ್ಟಿಸಿದರು, ನಿಂಬೆಹಣ್ಣು ಇಳಿಸಿದರು. ಕೊನೆಗೆ ಯಾರೋ ಹೇಳಿ ಗಂಗಾವತಿಗೆ ಕರೆದುಕೊಂಡು ಹೋದೆವು.

ಬಳ್ಳಾರಿಯ ಒಬ್ಬ ಡಾಕ್ಟರಮ್ಮ ತಿಂಗಳಿಗೊಂದು ಭಾನುವಾರ ಅಲ್ಲಿಗೆ ಬರುತ್ತಿದ್ದರು. ಮನಸ್ಸಿನ ಕಾಯಿಲೆಯ ಡಾಕ್ಟರು. ಐವತ್ತರ ಆಸುಪಾಸು, ದಪ್ಪ ಕನ್ನಡಕ, ಮೈಸೂರು ಕಡೆಯ ಮಾತು. ಒಂದು ಔಷಧದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಕೋಣೆ ಎಂದರೆ ಹಲಗೆಯ ಅಡ್ಡಗೋಡೆ. ಅದು ಛಾವಣಿಯವರೆಗೆ ಮುಟ್ಟಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಒಳಗಿನವರ ಸುಖದುಃಖವೆಲ್ಲ ಕೇಳುತ್ತಿತ್ತು. ಹೀಗಾಗಿ ಆ ಬೆಂಚಿನಲ್ಲಿ ಯಾರಿಗೂ ಬೇಸರವಾಗುತ್ತಿರಲಿಲ್ಲ.

ಅವರು ಕೊಟ್ಟ ಗುಳಿಗೆಯಿಂದ ತಮ್ಮ ನಿಜಕ್ಕೂ ಗುಣವಾದ. ಅಂಗಡಿಯಲ್ಲಿ ಕೂರತೊಡಗಿದ, ನಗತೊಡಗಿದ. ತಿಂಗಳಿಗೊಮ್ಮೆ ಕಾಕಾ ಅವನನ್ನು ಗಂಗಾವತಿಗೆ ಕರೆತರುತ್ತಿದ್ದ. ನಾನು ಆಗ ಮುನಿರಾಬಾದಿನಲ್ಲಿ ನೀರಾವರಿ ಆಫೀಸಿನ ಗುಮಾಸ್ತ. "ನೀ ಸರಕಾರಿ ಮನಷ್ಯಾ, ಜೋಡಿಗೆ ಇದ್ರ ಡಾಕ್ಟರು ನೆಟ್ಟಗ ನೋಡ್ತಾರ" ಎಂದು ಕಾಕಾ ನನ್ನನ್ನೂ ಕರೆಸುತ್ತಿದ್ದ. ಒಳಗೆ ಹೋದ ಮೇಲೆ ನಡೆಯುತ್ತಿದ್ದದ್ದು ಹೀಗೆ.

"ನಿದ್ದೆ ಚೆನ್ನಾಗಿ ಬರುತ್ತಾ?" ಎಂದು ಡಾಕ್ಟರಮ್ಮ ತಮ್ಮನನ್ನು ಕೇಳುವರು.

"ಭಾಳ ಛಲೋ ಬರ್ತೈತ್ರಿ" ಎಂದು ಕಾಕಾ ಹೇಳುವನು.

"ಮನಸ್ಸಿಗೆ ಬೇಜಾರು ಏನಾದರೂ?"

"ಯಾಕ ಬರ್ತೈತ್ರಿ ಬ್ಯಾಸರಾ? ಅಂಗಡಿ ಐತಲ್ಲ!"

"ನಾನು ಕೇಳಿದ್ದು ಅವರನ್ನ."

"ಅವನ ಪರವಾಗಿ ನಾನ ಹೇಳಾಕತ್ತೀನ್ರಿ. ಅವಗ ನಾಚಿಕಿ ಭಾಳ."

ತಮ್ಮ ಬಾಯಿ ತೆರೆದು, ಮುಚ್ಚಿ, ಸುಮ್ಮನಾಗುತ್ತಿದ್ದ.

ಹೀಗೇ ನಡೆದಿರುವಾಗ ಕಾಕಾ ಅವನಿಗೆ ಯಲಬುರ್ಗಾದಲ್ಲಿ ಒಂದು ಹುಡುಗಿ ನೋಡಿದ. ಮಾತುಕತೆ ಮುಗಿಯಿತು. ಅದಾದ ಮೇಲೆ ತಮ್ಮ ನಾಲ್ಕು ದಿನ ಇರುತ್ತೇನೆಂದು ಮುನಿರಾಬಾದಿನ ನನ್ನ ಕ್ವಾರ್ಟರ್ಸಿಗೆ ಬಂದ. ಒಂದು ಸಂಜೆ ಕಾಲುವೆಯ ದಂಡೆಯ ಮೇಲೆ ಕೂತಿದ್ದೆವು.

"ಅಣ್ಣಾ, ನನಗ ಆ ಕಡೆ ಧ್ಯಾಸನ ಇಲ್ಲದಂಗ ಆಗೈತಿ" ಅಂದ.

ಧ್ಯಾಸವೆಂದರೆ ನಮ್ಮ ಕಡೆ ಗಮನ, ಮನಸ್ಸು. ನಾನು ಆ ಕಡೆ ನೋಡಿದೆ. ಆ ಕಡೆ ಹೊಳೆಯಾಚೆ ಹೊಸಪೇಟೆ ಇತ್ತು.

"ಹೊಸಪೇಟಿ ಕಡೆ ನಿನಗೇನು ಕೆಲಸ?" ಎಂದೆ.

"ಹೊಸಪೇಟಿ ಅಲ್ಲೋ. ಆ ಕಡೆ. ಲಗ್ನದ ಕಡೆ."

"ಯಲಬುರ್ಗಾ ಆ ಕಡೆ ಅಲ್ಲಪಾ, ಈ ಕಡೆ ಬರ್ತೈತಿ" ಎಂದು ಕೈ ಮಾಡಿ ತೋರಿಸಿದೆ.

ಅವನು ಒಂದು ಹಿಡಿ ಹರಳು ಎತ್ತಿಕೊಂಡು ಒಂದೊಂದಾಗಿ ಕಾಲುವೆಗೆ ಒಗೆದ. ಹರಳು ಮುಗಿದ ಮೇಲೆ, ನೀರಿಗೇ ಹೇಳುವಂತೆ ಹೇಳಿದ: "ಲಗ್ನ ಆದ ಮ್ಯಾಲೆ, ಬಾಗಲಾ ಹಾಕ್ಕೊಂಡ ಮ್ಯಾಲೆ... ಗಂಡಸರಿಗೆ ಆಗ್ತದಲ್ಲ, ಅದು ನನಗ ಆಗವಲ್ದು. ಮೊದಲ ಹಂಗಿರಲಿಲ್ಲ. ಈ ಗುಳಿಗಿ ಚಾಲೂ ಆದ ಮ್ಯಾಲೆ ಹಿಂಗ. ಆಸೀನೂ ಇಲ್ಲ, ಏನೂ ಇಲ್ಲ."

ಆಗ ನನಗೆ ತಿಳಿಯಿತು. ತಿಳಿದ ಕೂಡಲೇ ನನ್ನ ಕಿವಿ ಬಿಸಿಯಾಯಿತು. ನಾನೂ ಒಂದು ಹಿಡಿ ಹರಳು ಎತ್ತಿಕೊಂಡೆ.

"ನೀ ದೊಡ್ಡಾವ ಅದೀ, ನಿನಗೇನರ ಗೊತ್ತಿದ್ರ ಹೇಳು" ಅಂದ.

ನನಗೂ ಮದುವೆಯಾಗಿರಲಿಲ್ಲ. ಈ ವಿಷಯದಲ್ಲಿ ನನ್ನ ಪಾಂಡಿತ್ಯವೆಂದರೆ ಪಿಯುಸಿಯಲ್ಲಿ ಕಪ್ಪೆಯ ಬಗ್ಗೆ ಓದಿದ್ದು. ಕಪ್ಪೆಯದನ್ನು ಕೇಳಿದ್ದರೆ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ತೋರಿಸುತ್ತಿದ್ದೆ. ಮನುಷ್ಯರದ್ದು ನಮ್ಮ ಮೇಷ್ಟ್ರು, "ಮನೆಯಲ್ಲಿ ಓದಿಕೊಳ್ಳಿರಿ" ಎಂದು ಬಿಟ್ಟಿದ್ದರು. ಮನೆಯಲ್ಲಿ ಆ ಪುಟಗಳನ್ನು ಅಕ್ಕ ಹರಿದಿಟ್ಟಿದ್ದಳು.

"ಡಾಕ್ಟರಮ್ಮನ್ನ ಕೇಳೋಣ" ಎಂದೆ.

"ಹೆಂಗ ಕೇಳ್ತಿ? ಅಪ್ಪ ಬಾಜೂಕ ಕುಂತಿರ್ತಾನ. ಅವರು ನನ್ನನ್ನ ಕೇಳಿದ್ರ, 'ಅದೂ ಭಾಳ ಛಲೋ ಐತ್ರಿ' ಅಂತ ಅವನ ಹೇಳಿಬಿಡ್ತಾನ!"

ಅದು ನಿಜ. ಹಾಗಾಗಿ ಡಾಕ್ಟರಮ್ಮನನ್ನು ಬಿಟ್ಟು ಉಳಿದವರನ್ನೆಲ್ಲ ಕೇಳುವುದೆಂದು ತೀರ್ಮಾನಿಸಿದೆವು. ಕೊಪ್ಪಳದ ಒಂದು ಔಷಧದ ಅಂಗಡಿಯ ಮುಂದೆ ಬಹಳ ಹೊತ್ತು ಅಡ್ಡಾಡಿ, ಗಿರಾಕಿಗಳು ಹೋಗುವುದನ್ನೇ ಕಾದು ಒಳಗೆ ಹೋದೆವು. "ಏನು ಬೇಕ್ರಿ?" ಎಂದು ಅವನು ಕೇಳುವುದಕ್ಕೂ ನಮಗೆ ಕಲಿಸಿದ ಅಕ್ಕೋರು ಮಗನ ಜ್ವರಕ್ಕೆ ಔಷಧ ಕೇಳಿಕೊಂಡು ಬರುವುದಕ್ಕೂ ಸರಿಹೋಯಿತು. "ತಲಿನೋವಿನ ಮುಲಾಮು" ಎಂದೆ. ಇನ್ನೊಂದು ಅಂಗಡಿಗೆ ಹೋದೆವು. ಅಲ್ಲಿ ಗಲ್ಲಾದ ಮೇಲೆ ಅಂಗಡಿಯವನ ಹೆಂಡತಿ ಕೂತಿದ್ದಳು. ಅಲ್ಲಿಯೂ ಮುಲಾಮು. ಸಂಜೆಯ ಹೊತ್ತಿಗೆ ಇಬ್ಬರಿಗೂ ನಿಜವಾಗಿಯೇ ತಲೆ ನೋಯುತ್ತಿತ್ತು. ಮುಲಾಮಿಗೇನೂ ಕೊರತೆ ಇರಲಿಲ್ಲ.

ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬ ಗುಡಾರ ಹಾಕಿದ್ದ. ಮುಂದೆ ಗಾಜಿನ ಬರಣಿಗಳಲ್ಲಿ ಬೇರು, ಬಟ್ಟೆ ತುಂಬಿದ ಒಂದು ಉಡ, ಕೈಯಲ್ಲಿ ಮೈಕು. "ಇಂಗ್ಲೀಷ್ ಗುಳಿಗಿ ಗಂಡಸ್ತನಾ ಸುಡತೈತಿ! ಎಲ್ಲಾ ಬಿಡ್ರಿ, ಇದನ್ನ ನೆಕ್ರಿ!" ಎಂದು ಕೂಗುತ್ತಿದ್ದ. ತಮ್ಮ ನನ್ನ ಮುಖ ನೋಡಿದ. ನಾನು ಉಡದ ಮುಖ ನೋಡಿದೆ. ಒಂದು ಡಬ್ಬಿ ಲೇಹ್ಯ ಕೊಂಡೆವು. ಅದನ್ನು ತಿಂದು ತಮ್ಮ ಎರಡು ದಿನ ಚೆಂಬು ಕೆಳಗಿಡಲಿಲ್ಲ. "ಶಕ್ತಿ ಎಲ್ಲಾ ಹೊಟ್ಟಿಗೇ ಬಂತು" ಎಂದು ನರಳಿದ. ಲೇಹ್ಯ ಬಿಟ್ಟ. ಆದರೆ ಗುಡಾರದವನ ಮಾತು ಅವನ ತಲೆಯಲ್ಲಿ ಉಳಿಯಿತು. ಅದು ನನಗೆ ಗೊತ್ತಾಗಲಿಲ್ಲ.

ನಾಗರ ಪಂಚಮಿಗೆ ನಾನು ಹನುಮಸಾಗರಕ್ಕೆ ಹೋದೆ. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಉಂಡಿ ಕೊಟ್ಟಳು. ಕಾಕಾ ಎಮ್ಮೆಯ ಸುದ್ದಿ ಹೇಳಿದ.

"ಈ ಎಮ್ಮಿ ನೋಡು, ಮೊದಲ ಹತ್ರ ಹೋದ್ರ ಒದೀತಿತ್ತು. ಈಗ ಸಂತರ ಹಂಗ ಆಗೈತಿ. ಬಾಲಾ ಸುದ್ದಾ ಅಳ್ಳಾಡ್ಸೂದಿಲ್ಲ. ದನದ ಡಾಕ್ಟರನ್ನ ಕರಿಸಿದ್ದೆ. ಕಣ್ಣು ಬಿಡಿಸಿ ನೋಡಿ, 'ಇದಕ್ಕೇನೂ ಚಿಂತಿ ಇಲ್ರಿ' ಅಂದ್ರು."

ತಮ್ಮನನ್ನು ನೋಡಿದೆ. ಬೆಳಗಾಗುವ ಮುಂಚೆ ಎದ್ದು ಅಂಗಡಿಯ ಸಾಮಾನೆಲ್ಲ ಹೊರಗೆ ಹಾಕಿ, ಬಣ್ಣಗಳ ಪ್ರಕಾರ ಮತ್ತೆ ಜೋಡಿಸಿದ್ದ. ಅರಿಶಿಣದ ಪಕ್ಕ ತೊಗರಿಬೇಳೆ, ಬೇಳೆಯ ಪಕ್ಕ ಹಳದಿ ಸಾಬೂನು. ಮಾತು ಬಹಳ ಬೇಗ ಬೇಗ ಬರುತ್ತಿತ್ತು. ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ.

"ಗುಳಿಗಿ ತಗೊಳ್ಳಾಕತ್ತೀಯಿಲ್ಲೋ?"

ಅವನು ಎಮ್ಮೆಯ ಕಡೆ ನೋಡಿದ. ಎಮ್ಮೆ ನಮ್ಮಿಬ್ಬರ ಕಡೆ ನೋಡಿತು, ಬಹಳ ಪ್ರೀತಿಯಿಂದ.

"ಹಿಂಡಿ ಉಂಡಿ ಮಾಡಿ ಅದರಾಗ ಇಟ್ಟು ಹಾಕ್ತೀನಿ. ಚರಂಡಿಗೆ ಒಗದ್ರ ಅವ್ವ ನೋಡ್ತಾಳ. ಅಣ್ಣಾ, ಲಗ್ನ ಹತ್ರ ಬಂತು. ಗುಳಿಗಿ ಬಿಟ್ರ ಆ ಹುಡುಗಿ ಮುಂದ ಮರ್ಯಾದಿ ಉಳೀತೈತಿ. ತಗೊಂಡ್ರ ತಲಿ ಉಳೀತೈತಿ. ನಾ ಯಾವುದು ಉಳಿಸ್ಕೊಳ್ಳಿ?"

ಗುಳಿಗೆಯಿಂದ ಎಮ್ಮೆ ಶಾಂತವಾಗುತ್ತದೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಅವನ ಪ್ರಶ್ನೆಗೆ ಮಾತ್ರ ನನಗೆ ನಗು ಬರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದ ಆ ತಿಂಗಳುಗಳು ನನಗೆ ನೆನಪಿದ್ದವು. "ಈ ಭಾನುವಾರತನಕ ನೀನ ತಗೋ. ಭಾನುವಾರ ಕಾಕಾನ್ನ ಹೊರಗ ಕಳಸೋ ಜವಾಬ್ದಾರಿ ನಂದು" ಎಂದು ಆಣೆ ಮಾಡಿದೆ. ಅವನು ಒಪ್ಪಿದ.

ಆ ಭಾನುವಾರ ಗಂಗಾವತಿಯಲ್ಲಿ ಬೆಂಚು ತುಂಬಿತ್ತು. ನಮ್ಮ ಪಾಳಿ ಬಂತು. ಮೂವರೂ ಒಳಗೆ ಹೋಗಿ ಕೂತೆವು. ನಾನು ಮೊದಲ ಉಪಾಯ ಹೂಡಿದೆ.

"ಕಾಕಾ, ಹೊರಗ ನಿಮ್ಮೂರವರು ಯಾರೋ ನಿಂತಾರ ನೋಡು. ನಿನ್ನ ಕೇಳಾಕತ್ತಿದ್ರು."

ಕಾಕಾ ಎದ್ದು ಹೋದ. ತಮ್ಮ ಬಾಯಿ ತೆರೆಯುವಷ್ಟರಲ್ಲಿ ಒಬ್ಬ ಅಪರಿಚಿತನನ್ನು ಕರೆದುಕೊಂಡೇ ಒಳಗೆ ಬಂದ. "ಇವರು ನಮ್ಮೂರವರಲ್ಲ, ಸಿದ್ದಾಪುರದವರು. ಆದ್ರೂ ಭಾಳ ಛಲೋ ಮನಷ್ಯಾರು" ಎಂದು ಡಾಕ್ಟರಮ್ಮನಿಗೆ ಪರಿಚಯ ಮಾಡಿಸಿದ. ಸಿದ್ದಾಪುರದವರು ಕೈಮುಗಿದು ಹೊರಗೆ ಹೋದರು. ಕಾಕಾ ಕೂತ.

"ಕಾಕಾ, ಚಾ ಕುಡದ ಬರೋಣು ನಡಿ" ಎಂದೆ.

"ನಾವಷ್ಟ ಯಾಕ ಕುಡೀಬೇಕು? ಡಾಕ್ಟರೂ ದಣದಾರ" ಎಂದು ಕಾಕಾ ಅಲ್ಲಿಂದಲೇ ಹೊರಗೆ ಕೂಗಿ ಎಲ್ಲರಿಗೂ ಒಳಗೇ ಚಹಾ ತರಿಸಿದ.

ಬಸ್ಸು ತಪ್ಪುತ್ತದೆ ಎಂದೆ. ಮುಂದಿನ ಬಸ್ಸು ಇನ್ನೂ ಛಲೋ ಎಂದ. ಡಾಕ್ಟರಮ್ಮ ಚಹಾ ಕುಡಿಯುತ್ತ ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಿದ್ದರು. ಈ ಸಲ ಕಾಯಿಲೆ ಯಾರಿಗೆ ಎಂದು ಅವರಿಗೆ ಅನುಮಾನ ಬಂದಿರಬೇಕು.

"ಏನಾದರೂ ವಿಶೇಷ ಇದೆಯಾ?" ಎಂದು ತಮ್ಮನನ್ನು ಕೇಳಿದರು.

"ಏನಿಲ್ರಿ, ಎಲ್ಲಾ ಬರೋಬ್ಬರಿ ಐತಿ" ಅಂದ ಕಾಕಾ.

ಆಗ ತಮ್ಮ ಎದ್ದು ನಿಂತ. ಎರಡು ವರ್ಷದಿಂದ ಒಳಗೇ ಇದ್ದ ಮಾತೆಲ್ಲ ಒಟ್ಟಿಗೆ, ಇಡೀ ಗಂಗಾವತಿಗೆ ಕೇಳುವ ಹಾಗೆ ಹೊರಗೆ ಬಂತು: "ಬರೋಬ್ಬರಿ ಇಲ್ಲಪ್ಪಾ! ನನ್ನ ಲಗ್ನ ಐತಿ. ಲಗ್ನ ಆದ ಮ್ಯಾಲೆ ಗಂಡ ಹೆಂಡತಿ ಕೆಲಸ ನನ್ನ ಕೈಲೆ ಆಗ್ತದೋ ಇಲ್ಲೋ ಅಂತ ಕೇಳಬೇಕಾಗೈತಿ! ಕೇಳಾಕ ಬಿಡು!"

ಹೊರಗೆ ಬೆಂಚಿನ ಮೇಲೆ ಯಾರೋ ಕೆಮ್ಮಿದರು. ಆಮೇಲೆ ಅಡ್ಡಗೋಡೆಯ ಆಚೆಯಿಂದ ಒಂದು ವಯಸ್ಸಾದ ದನಿ, ಬಹಳ ಗೌರವದಿಂದ, "ಛಲೋ ಪ್ರಶ್ನಿ ಕೇಳಿದಿ ತಮ್ಮಾ. ಡಾಕ್ಟರೇ, ಸ್ವಲ್ಪ ಜೋರಾಗಿ ಹೇಳ್ರಿ, ನಮಗೂ ಬೇಕಾಗಿತ್ತು" ಅಂದಿತು.

ಡಾಕ್ಟರಮ್ಮ ನಗಲಿಲ್ಲ. ಚಹಾದ ಲೋಟ ಕೆಳಗಿಟ್ಟು ಕಾಕಾನಿಗೆ, "ನೀವು ಸ್ವಲ್ಪ ಹೊರಗಿರಿ. ಇದು ಅವರ ವಿಷಯ, ಅವರೇ ಹೇಳಬೇಕು" ಎಂದರು. ಕಾಕಾ ಅಂಥ ದನಿಯನ್ನು ಬಹುಶಃ ತನ್ನ ತಾಯಿಯ ಬಾಯಲ್ಲಿ ಮಾತ್ರ ಕೇಳಿದ್ದ. ಎದ್ದು ಹೋದ. ಆಮೇಲೆ ಅವರು ಔಷಧದ ಅಂಗಡಿಯವನನ್ನು ಕೂಗಿ ರೇಡಿಯೋ ಜೋರಾಗಿ ಹಾಕಲು ಹೇಳಿದರು, ಬೆಂಚಿನವರಿಗೆ ಏನೂ ಕೇಳಬಾರದೆಂದು. ನಾನೂ ಎದ್ದೆ. ತಮ್ಮ ನನ್ನ ಅಂಗಿಯ ತುದಿ ಹಿಡಿದುಕೊಂಡು, "ಅಣ್ಣ ಇಲ್ಲೇ ಇರಲಿ ಬಿಡ್ರಿ. ಅವಗೂ ಏನೂ ಗೊತ್ತಿಲ್ಲ" ಅಂದ.

ರೇಡಿಯೋದಲ್ಲಿ ಒಬ್ಬರು ಭತ್ತದ ಸಸಿ ನಾಟಿಯ ಬಗ್ಗೆ ಮಾತಾಡುತ್ತಿದ್ದರು. ಆ ಗದ್ದಲದಲ್ಲಿ ತಮ್ಮ ಎಲ್ಲ ಹೇಳಿದ. ಮುಲಾಮು, ಲೇಹ್ಯ, ಗುಳಿಗೆ, ಎಮ್ಮೆ. ಎಮ್ಮೆಯ ಹತ್ತಿರ ಬಂದಾಗ ಡಾಕ್ಟರಮ್ಮ ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಭುಜ ಕುಣಿಯುತ್ತಿತ್ತು. "ಹಾಲು ಕುಡಿದವರು ಯಾರಾದರೂ ಮಂಕಾದರಾ?" ಎಂದು ಕೇಳಿದರು. "ಅಪ್ಪ ಒಬ್ಬಾವ ಕುಡೀತಾನ್ರಿ. ಅವನ ಮ್ಯಾಲೆ ಏನೂ ಪರಿಣಾಮ ಇಲ್ಲ" ಅಂದ ತಮ್ಮ.

ಆಮೇಲೆ ಅವರು ಹೇಳಿದ ಮಾತುಗಳು ನನಗೆ ಚೆನ್ನಾಗಿ ನೆನಪಿವೆ, ಏಕೆಂದರೆ ಅಷ್ಟು ನೇರವಾಗಿ ಆ ವಿಷಯ ಮಾತಾಡಿದ ಮನುಷ್ಯರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ನೋಡಿ, ಈ ಗುಳಿಗೆ ಕೆಲವರಿಗೆ ಹೀಗೆ ಮಾಡುತ್ತೆ. ಆಸೆ ಕಮ್ಮಿಯಾಗುತ್ತೆ, ಮೈ ಮಾತು ಕೇಳಲ್ಲ. ನಿಮ್ಮ ಗಂಡಸುತನಕ್ಕೆ ಏನೂ ಆಗಿಲ್ಲ. ಗುಳಿಗೆ ಬದಲಾಯಿಸಬಹುದು, ಪ್ರಮಾಣ ತಗ್ಗಿಸಬಹುದು. ಸ್ವಲ್ಪ ಕಾಲ ಹಿಡಿಯುತ್ತೆ. ಆದರೆ ನೀವಾಗಿ ನಿಲ್ಲಿಸಬಾರದು. ನನ್ನ ತಪ್ಪೂ ಇದೆ, ಇದನ್ನ ನಾನೇ ಮೊದಲು ನಿಮ್ಮನ್ನ ಕೇಳಬೇಕಿತ್ತು."

"ಹಂಗಾರ ನಾ ಲಗ್ನ ಆಗಬಹುದೇನ್ರಿ?"

"ಯಾಕಾಗಬಾರದು? ಮೊದಲ ದಿನವೇ ಎಲ್ಲ ಆಗಬೇಕು ಅಂತ ಎಲ್ಲೂ ಬರೆದಿಲ್ಲ. ಇಬ್ಬರೂ ಮಾತಾಡಿ. ಅವಳಿಗೆ ಇಷ್ಟ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಅವತ್ತು ಇಲ್ಲ. ಅವಸರ ಬೇಡ."

"ಅವಸರ ಮಾಡಿದರೆ ಸಸಿ ಬೇರು ಹಿಡಿಯುವುದಿಲ್ಲ" ಎಂದಿತು ರೇಡಿಯೋ. ಮೂವರೂ ಒಂದು ಗಳಿಗೆ ರೇಡಿಯೋದ ಕಡೆ ನೋಡಿದೆವು.

ಮಕ್ಕಳಿಗೂ ಅವಸರ ಬೇಡ, ಮೊದಲು ಆರೋಗ್ಯ ಗಟ್ಟಿಯಾಗಲಿ ಎಂದು ಡಾಕ್ಟರಮ್ಮ ನಿರೋಧದ, ಅಂದರೆ ಕಾಂಡೋಮಿನ, ಮಾತು ತೆಗೆದರು. ಅದು ರೋಗ ಹತ್ತದಂತೆಯೂ ಕಾಯುತ್ತದೆ ಎಂದರು. ಗೋಡೆಗೋಡೆಯ ಮೇಲೆ ಅದರ ಜಾಹೀರಾತು ಓದಿದ್ದೆವು, ವಸ್ತುವನ್ನು ನೋಡಿರಲಿಲ್ಲ. "ಅದನ್ನ ಎಲ್ಲಿ ಹಾಕ್ಕೊಳ್ಳೂದ್ರಿ?" ಎಂದು ತಮ್ಮ ಕೇಳಿದ. ನಾನೂ ಕಿವಿ ಕೊಟ್ಟೆ, ನನಗೂ ಖಾತ್ರಿ ಇರಲಿಲ್ಲ. ಅವರು ಅಂಗಡಿಯಿಂದ ಒಂದನ್ನು ತರಿಸಿದರು. ತೋರಿಸಲು ಏನಾದರೂ ಬೇಕಿತ್ತು. ಮೇಜಿನ ಮೇಲೆ ಕಾಕಾ ಮರೆತು ಹೋಗಿದ್ದ ಟಾರ್ಚು ಇತ್ತು. ನಮ್ಮ ಕಡೆ ಅದಕ್ಕೆ ಬ್ಯಾಟರಿ ಅನ್ನುತ್ತಾರೆ. ಹಗಲಾಗಲಿ ಇರುಳಾಗಲಿ ಕಾಕಾ ಅದಿಲ್ಲದೆ ಹೊರಡುವವನಲ್ಲ. ಡಾಕ್ಟರಮ್ಮ ಅದನ್ನು ನಿಲ್ಲಿಸಿ, ತುದಿಯಲ್ಲಿ ಗಾಳಿ ಉಳಿಯದ ಹಾಗೆ ಹೇಗೆ ಹಿಡಿಯಬೇಕು, ಹೇಗೆ ಬಿಚ್ಚಬೇಕು ಎಂದು ತೋರಿಸಿದರು. ಆಮೇಲೆ ತಮ್ಮನಿಗೂ ಮಾಡಲು ಹೇಳಿದರು. ಅವನ ಹಣೆಯಲ್ಲಿ ಬೆವರು. ಬ್ಯಾಟರಿಗೂ ಒಂದು ಥರದ ಗಾಂಭೀರ್ಯ ಬಂದಿತ್ತು.

ಆಗಲೇ ಬಾಗಿಲ ಪರದೆ ಸರಿಸಿ ಕಾಕಾ ತಲೆ ಹಾಕಿದ. "ನನ್ನ ಬ್ಯಾಟರಿ..." ಎಂದವನು ನಿಂತ. ಮಗನ ಕೈಯಲ್ಲಿದ್ದ ಬ್ಯಾಟರಿಯನ್ನು ಮೇಲಿಂದ ಕೆಳಗೆ ನೋಡಿದ.

"ಅದಕ್ಕ ಯಾಕ ಕುಲಾವಿ ಹಾಕೀರಿ?"

ತಮ್ಮ ಮೇಜಿನ ಕೆಳಗೆ ಸೇರಿಕೊಳ್ಳುವುದೊಂದು ಬಾಕಿ. ಡಾಕ್ಟರಮ್ಮ ಮಾತ್ರ, "ನಿಮ್ಮ ಮಗನಿಗೆ ಸಂಸಾರದ ಪಾಠ ಹೇಳ್ತಾ ಇದ್ದೆ. ಮಗು ಬೇಕು ಅನ್ನಿಸುವವರೆಗೆ ಇದನ್ನ ಬಳಸ್ತಾರೆ" ಎಂದರು, ಹವಾಮಾನ ಹೇಳುವಷ್ಟು ಸಹಜವಾಗಿ.

ಕಾಕಾ ಒಳಗೆ ಬಂದು ಬ್ಯಾಟರಿ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದ. ಗುಂಡಿ ಒತ್ತಿದ. ಅದು ಹತ್ತಿತು.

"ಇದು ನಮ್ಮ ಕಾಲಕ್ಕ ಇದ್ದಿದ್ರ" ಎಂದು ಮಗನಿಗೆ ಹೇಳಿದ, "ನೀ ಹುಟ್ಟತಿದ್ದಿಲ್ಲ ನೋಡು." ಆಮೇಲೆ ದನಿ ತಗ್ಗಿಸಿ, "ಹುಟ್ಟಿದ್ದು ಛಲೋ ಆತು" ಅಂದ. ಕಾಕಾ ದನಿ ತಗ್ಗಿಸಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೊರಡುವಾಗ ಡಾಕ್ಟರಮ್ಮ ಒಂದು ಮಾತು ಕೇಳಿದರು: "ಹುಡುಗಿಗೆ ಕಾಯಿಲೆಯ ವಿಷಯ ಗೊತ್ತಾ?"

"ಇಲ್ರಿ. ಲಗ್ನ ಆದ ಮ್ಯಾಲೆ ತಾನ ತಿಳೀತೈತಿ" ಅಂದ ಕಾಕಾ.

"ಮದುವೆಗೆ ಮುಂಚೆ ಹೇಳಿ. ಇವರೇ ಹೇಳಲಿ."

ಬಸ್ಸಿನಲ್ಲಿ ತಾವರಗೇರಾ ದಾಟುವವರೆಗೂ ಅಪ್ಪ ಮಗನ ಜಗಳ ನಡೆಯಿತಂತೆ. "ಹೇಳಿದ್ರ ಹೆಣ್ಣು ಕೊಡ್ತಾರೇನಲೇ?" "ಹೇಳದ ಹೋದ್ರ ದಿನಾ ಕದ್ದು ಗುಳಿಗಿ ನುಂಗಬೇಕು. ಕದ್ದು ನುಂಗೂ ಸಂಸಾರ ನನಗ ಬ್ಯಾಡ." ಕೊನೆಗೆ ಕಾಕಾ ಸೋತ. ಒಂದು ಕರಾರು ಹಾಕಿದ, ತಾನೂ ಜೊತೆಗೆ ಬರುತ್ತೇನೆಂದು. ನಾವು ಒಂದು ಕರಾರು ಹಾಕಿದೆವು, ಅವನು ಬಾಯಿ ತೆರೆಯಬಾರದೆಂದು.

ಯಲಬುರ್ಗಾದಲ್ಲಿ ಆ ಹುಡುಗಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಕುಪ್ಪಸ ಹೊಲಿಯುತ್ತಿದ್ದಳು. ಪಡಸಾಲೆಯಲ್ಲಿ ನಾವು ಕೂತೆವು. ಅವಳ ತಂದೆತಾಯಿ ಎದುರಿಗೆ. ತಮ್ಮ, "ಅವರ ಜೋಡಿ ಒಂದು ಮಾತಾಡಬೇಕಾಗೈತ್ರಿ" ಎಂದು ಕೇಳಿಕೊಂಡ. ಇಬ್ಬರಿಗೂ ಯಂತ್ರದ ಹತ್ತಿರ ಮಾತಾಡಲು ಬಿಟ್ಟರು. ಅದು ನಮ್ಮಿಂದ ನಾಲ್ಕು ಮಾರು ದೂರ. ಎಲ್ಲರೂ ಛಾವಣಿ ನೋಡುತ್ತ ಕಿವಿ ಅತ್ತ ಕೊಟ್ಟೆವು.

ತಮ್ಮ ಹೇಳಿದ, ಚೂರೂ ಬಿಡದೆ. ನಿದ್ದೆ ಹೋದದ್ದು, ಗುಮಾಸ್ತರಿಗೆ ರಜೆ ಕೊಟ್ಟದ್ದು, ಗೋಡೆಗೆ ಮುಖ ಮಾಡಿ ಮಲಗಿದ್ದು, ಗುಳಿಗೆ, ಎಮ್ಮೆ. ಹುಡುಗಿ ಯಂತ್ರದ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ತಲಿ ಕೆಟ್ಟಿತ್ತು ಅನ್ನೂದು ನಮ್ಮೂರಿಗೇ ಗೊತ್ತೈತ್ರಿ" ಎಂದಳು. "ನಿಮ್ಮ ಬಾಯಲೆ ಬರ್ತೈತೋ ಇಲ್ಲೋ ಅಂತ ಕಾಯಾಕತ್ತಿದ್ದೆ. ಎಮ್ಮಿ ಸುದ್ದಿ ಗೊತ್ತಿರಲಿಲ್ಲ."

ಮುಂದಿನದನ್ನೂ ಅವಳೇ ಕೇಳಿದಳು.

"ಗುಳಿಗಿ ತಗೊಂಡ್ರ ಛಲೋ ಇರ್ತೀರಿಲ್ಲ?"

"ಇರ್ತೀನ್ರಿ."

"ಮತ್ತ ತಗೊಳ್ಳಾಕ ಏನು ತ್ರಾಸು?"

ತಮ್ಮ ಕೆಂಪಾದ. ಕಾಕಾ ತುಟಿ ಒತ್ತಿ ಹಿಡಿದುಕೊಂಡಿದ್ದ. ಉತ್ತರ ಗೊತ್ತಿದ್ದೂ ಸುಮ್ಮನಿರುವ ಕಷ್ಟಕ್ಕೆ ಅವನ ಕಣ್ಣಲ್ಲಿ ನೀರೇ ಬಂದಿತ್ತು. ತಮ್ಮ ಬಗ್ಗಿ ಅವಳ ಕಿವಿಯ ಹತ್ತಿರ ಏನೋ ಹೇಳಿದ. ಅದು ಮಾತ್ರ ನಮಗೆ ಕೇಳಲಿಲ್ಲ. ಹುಡುಗಿ ಚಕ್ರವನ್ನು ಒಂದು ಸುತ್ತು ತಿರುಗಿಸಿ, ನಿಲ್ಲಿಸಿ, "ಅದಕ್ಕೇನಾತು, ನಿಧಾನ ನೋಡಿದ್ರಾತು. ನನಗೂ ಒಂದೈತ್ರಿ. ನಾ ಗೊರಕಿ ಹೊಡೀತೀನಿ. ಮನ್ಯಾಗ ಯಾರೂ ಹೇಳಿರಾಕಿಲ್ಲ" ಎಂದಳು. ಅವಳ ತಾಯಿ ಪಡಸಾಲೆಯಿಂದ, "ಅದನ್ಯಾಕ ಹೇಳ್ತೀಯೇ!" ಎಂದು ಕೂಗಿಬಿಟ್ಟಳು. ಎಲ್ಲ ಕೇಳಿಸಿಕೊಳ್ಳುತ್ತಿದ್ದೆವೆಂದು ಆಗ ಎಲ್ಲರಿಗೂ ಬಯಲಾಯಿತು.

ಮದುವೆಯಾಯಿತು. ಎಲ್ಲ ಒಮ್ಮೆಲೇ ಸುಖವಾಗಲಿಲ್ಲ. ಮೊದಲು ಬದಲಾಯಿಸಿದ ಗುಳಿಗೆಯಿಂದ ಕೈ ನಡುಗಿ, ಬಸಿಯಲ್ಲಿ ಕೊಟ್ಟ ಚಹಾ ಅರ್ಧ ಅಂಗಿಗೆ ಹೋಗುತ್ತಿತ್ತು. ಇನ್ನೊಂದರಿಂದ ಹಸಿವು ಎಷ್ಟು ಬಂತೆಂದರೆ, ಅಂಗಡಿಯ ಹುರಿಗಡಲೆ, ಬೆಲ್ಲ ಗಿರಾಕಿಗಳಿಗೆ ಉಳಿಯಲಿಲ್ಲ. ನಡುವೆ ಒಂದು ಸಲ ನಿದ್ದೆ ತಪ್ಪಿತು. ಹೆಂಡತಿ ಅವನ ಮಾತಿನ ವೇಗದಲ್ಲೇ ಗುರುತು ಹಿಡಿದು, ಭಾನುವಾರಕ್ಕೆ ಕಾಯದೆ ಬೆಳಗಿನ ಮೊದಲ ಬಸ್ಸಿಗೆ ಬಳ್ಳಾರಿಗೇ ಕರೆದುಕೊಂಡು ಹೋದಳು. ಆಮೇಲೆ ಪ್ರತಿ ತಿಂಗಳೂ ಅವಳೇ ಜೊತೆಗೆ ಬರುತ್ತಿದ್ದಳು. ಒಳಗೆ ಇಬ್ಬರೇ. ತಮ್ಮ ಕೇಳಲಾರದ್ದನ್ನು ಅವಳು ಕೇಳುತ್ತಿದ್ದಳು, ಅವಳು ನಾಚಿದ್ದನ್ನು ಅವನು. ಕಾಕಾ ಹೊರಗೆ ಬೆಂಚಿನ ಮೇಲೆ ಕೂತು ಉಳಿದ ರೋಗಿಗಳ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಿದ್ದ. "ಗುಳಿಗಿ ನಡುವ ಬಿಡಬ್ಯಾಡ್ರಿ. ಏನರ ತ್ರಾಸಾದ್ರ ನಾಚಬ್ಯಾಡ್ರಿ, ಬಾಯಿ ಬಿಟ್ಟು ಕೇಳ್ರಿ" ಎಂದು ಸಣ್ಣ ವಯಸ್ಸಿನ ಹುಡುಗರಿಗೆ ಹೇಳುತ್ತಿದ್ದ. ಆ ಉತ್ತರಗಳೂ ಸರಿಯೇ ಇರುತ್ತಿದ್ದವು.

ಒಂದು ಚಳಿಗಾಲದ ಭಾನುವಾರ ತಮ್ಮ ಸುಮ್ಮಸುಮ್ಮನೆ ಮುನಿರಾಬಾದಿಗೆ ಬಂದ. ಒಳಗೂ ಬರಲಿಲ್ಲ. ಬಾಗಿಲಲ್ಲೇ ನಿಂತು, "ಅಣ್ಣಾ, ಆ ಕಡೆ ಧ್ಯಾಸ ಬಂತು" ಎಂದು ಹೇಳಿ, ನನ್ನ ಭುಜಕ್ಕೊಂದು ಗುದ್ದಿ, ಅದೇ ಬಸ್ಸಿಗೆ ಹೊರಟುಹೋದ.

ಚಿಗವ್ವ ಮೊಮ್ಮಗನಿಗಾಗಿ ವರಾತ ಹಚ್ಚಿದ್ದಳು. ಸೊಸೆ, "ಇನ್ನೊಂದಿಷ್ಟು ದಿನ ತಡೀರಿ ಅತ್ತಿ, ಅವರ ತಬ್ಯೇತ ಗಟ್ಟಿ ಆಗಲಿ" ಅನ್ನುತ್ತಿದ್ದಳು. ತಡೆದರು. ಗಟ್ಟಿಯಾದ ಮೇಲೆ, ಡಾಕ್ಟರಮ್ಮನನ್ನು ಕೇಳಿಯೇ, ಒಂದು ಹೆಣ್ಣು ಕೂಸಾಯಿತು. ಕೂಸು ಅಪ್ಪನ ಹಾಗೆ ನಾಚಿಕೆಯದು, ಅವ್ವನ ಹಾಗೆ ಗೊರಕೆಯದು.

ಅದಾದ ಮೇಲೆ ನನ್ನ ಮದುವೆ ಗೊತ್ತಾಯಿತು. ಬಟ್ಟೆ ತರಲು ತಮ್ಮ ಮತ್ತು ನಾನು ಗಂಗಾವತಿಗೆ ಹೋಗಿ ಮರ‍ಳುತ್ತಿದ್ದೆವು. ಬಸ್ಸು ಗದ್ದೆಗಳ ನಡುವೆ ಹೋಗುತ್ತಿತ್ತು. ತಮ್ಮ ಗಂಟಲು ಸರಿ ಮಾಡಿಕೊಂಡು ಶುರು ಮಾಡಿದ. ಮೊದಲು ಏನು ಕೇಳಬೇಕು, ಹೇಗೆ ಕೇಳಬೇಕು, ಅವಳು ಬೇಡವೆಂದರೆ ಏನು ಮಾಡಬೇಕು, ಆಗದಿದ್ದರೆ ಯಾಕೆ ಹೆದರಬಾರದು. ದನಿಯಲ್ಲಿ ಸಂಕೋಚದ ಸುಳಿವೂ ಇರಲಿಲ್ಲ. ಮುಂದಿನ ಸೀಟಿನ ಮುದುಕಿ ತನ್ನ ಎಲೆಅಡಿಕೆ ಚೀಲ ಮುಚ್ಚಿಟ್ಟು ನೆಟ್ಟಗೆ ಕೂತಳು. ನಾನು ಕಿಟಕಿಯಾಚೆ ಭತ್ತದ ಪೈರನ್ನೇ ದಿಟ್ಟಿಸತೊಡಗಿದೆ.

"ಅಲ್ಲೇನು ನೋಡ್ತಿ?" ಎಂದು ತಮ್ಮ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. "ಪರೀಕ್ಷಾದಾಗ ಬರೂದು ನಾ ಇಲ್ಲಿ ಹೇಳಾಕತ್ತೀನಿ."